ಹಳೇ ಫಿಯಟ್ಟಿಗೆ ಬ್ರೇಕು ಹುಡುಕುತ್ತಾ...

ತಯಾರಿ ನಿಂತು ಇಪ್ಪತ್ತೈದು ವರ್ಷವಾದ ಕಾರಿಗೆ ಬ್ರೇಕ್ ಶೂ ಎಲ್ಲಿಂದ ಬರುತ್ತದೆ? ಅದನ್ನು ಮಾಡಿದ ಕಂಪನಿ ಕಾರು ಮಾಡುವುದನ್ನೇ ಬಿಟ್ಟಿದೆ. ಅದಕ್ಕೆ ನಕ್ಷೆ ಕೊಟ್ಟ ಇಟಲಿಯವರು 1969ರಲ್ಲೇ ಆ ಮಾದರಿಗೆ ಎಳ್ಳುನೀರು ಬಿಟ್ಟಿದ್ದರು. ಆದರೂ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ "ಪದ್ಮಿನಿ ಬ್ರೇಕ್ ಶೂ ಇದ್ಯಾ?" ಅಂದರೆ ಅಂಗಡಿಯವರು ನಗುವುದಿಲ್ಲ. "ಫ್ರಂಟಾ, ರಿಯರಾ?" ಅಂತ ಕೇಳುತ್ತಾರೆ. ಕೆಲವರು ಅದಕ್ಕಿಂತ ಮುಂದೆ ಹೋಗಿ "ಯಾವ ಇಸವಿ ಗಾಡಿ ಸಾರ್?" ಅನ್ನುತ್ತಾರೆ. ಈ ಎರಡನೇ ಪ್ರಶ್ನೆ ಕೇಳುವ ಅಂಗಡಿಯಲ್ಲೇ ಕೊಳ್ಳಬೇಕು ಅನ್ನುವುದು ನನ್ನ ಅನುಭವ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನಮಗೆ ಕಾರಿನ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಈ ಬರಹ ಅದರ ಬಗ್ಗೆ.

ಫಿಯಟ್ 1100/103 ಅನ್ನುವ ಕಾರು ಮೊದಲು ಕಾಣಿಸಿಕೊಂಡದ್ದು 1953ರ ಜಿನೀವಾ ಪ್ರದರ್ಶನದಲ್ಲಿ. ಅದರ ಹಿಂದಿದ್ದ ತಲೆ ದಾಂತೆ ಜಿಯಾಕೋಸ ಎಂಬ ಎಂಜಿನಿಯರ್‌ದು. ಬೇರೆ ಶಾಸಿ ಇಲ್ಲದೆ ಬಾಡಿಯೇ ಎಲುಬಾಗಿರುವ ರಚನೆ, 1089 ಸಿಸಿ ಎಂಜಿನ್, ಮುಂದೆ ಎರಡು ತೋಳುಗಳ ನಡುವೆ ಕಾಯಿಲ್ ಸ್ಪ್ರಿಂಗ್, ಹಿಂದೆ ನಮ್ಮ ಲಾರಿಗಳಿಗಿರುವಂಥದೇ ಲೀಫ್ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಯುದ್ಧದಲ್ಲಿ ನುಗ್ಗಾಗಿದ್ದ ಯೂರೋಪಿನ ರಸ್ತೆಗಳಿಗೆ, ಕಡಿಮೆ ಕಾಸಿನ ಕುಟುಂಬಗಳಿಗೆ ಮಾಡಿದ ಕಾರು. ನಮ್ಮ ದೇಶಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಅದೇ 1953ರಲ್ಲಿ ನಮ್ಮಲ್ಲಿ ಇನ್ನೊಂದು ಘಟನೆ ನಡೆಯಿತು. ಟ್ಯಾರಿಫ್ ಕಮಿಷನ್ ವರದಿಯ ಆಧಾರದ ಮೇಲೆ ಭಾರತ ಸರ್ಕಾರ ಒಂದು ತೀರ್ಮಾನ ಮಾಡಿತು: ಬಿಡಿಭಾಗ ತರಿಸಿ ಇಲ್ಲಿ ಬರೀ ಜೋಡಿಸುವವರು ಬೇಡ, ಹಂತ ಹಂತವಾಗಿ ಇಲ್ಲೇ ತಯಾರಿಸುವವರು ಮಾತ್ರ ಇರಲಿ. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದುಕೊಂಡವರಲ್ಲಿ ಮುಂಬಯಿ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಒಂದು, ಬಿರ್ಲಾಗಳ ಹಿಂದೂಸ್ತಾನ್ ಮೋಟರ್ಸ್ ಇನ್ನೊಂದು. ಈ ತೀರ್ಮಾನವನ್ನು ಇವತ್ತು ಎಲ್ಲರೂ ಬೈಯುತ್ತಾರೆ. ಮೂವತ್ತು ವರ್ಷ ಅದೇ ಎರಡು ಮೂರು ಕಾರು ನೋಡಬೇಕಾಯಿತು ಅನ್ನುವುದು ನಿಜ. ಆದರೆ ಜೆ.ಸಿ. ರೋಡಿನಲ್ಲಿ ಇವತ್ತಿಗೂ ನನಗೆ ಬ್ರೇಕ್ ಶೂ ಸಿಗುತ್ತಿದ್ದರೆ ಅದಕ್ಕೂ ಅದೇ ತೀರ್ಮಾನವೇ ಕಾರಣ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅಂದ ಹಾಗೆ ಪ್ರೀಮಿಯರ್‌ನ ಸ್ಥಾಪಕ ವಾಲ್‌ಚಂದ್ ಹೀರಾಚಂದ್ ನಮ್ಮವರಿಗೆ ಅಪರಿಚಿತರೇನಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು ಇವರೇ. ಅದಕ್ಕೂ ಮೊದಲು ಕಾರಿನ ಕಾರ್ಖಾನೆಯ ಕನಸು ಹೊತ್ತು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಬಂದಿದ್ದವರು ನಮ್ಮ ವಿಶ್ವೇಶ್ವರಯ್ಯನವರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ, ಅದು ಆಗ ಕೈಗೂಡಲಿಲ್ಲ. ಕೈಗೂಡಿದ್ದರೆ ಪದ್ಮಿನಿಯ ಬದಲು ಕಾವೇರಿ ಅಂತಲೋ ಶರಾವತಿ ಅಂತಲೋ ಹೆಸರಿನ ಕಾರು ಓಡಾಡುತ್ತಿತ್ತೇನೋ! ಇರಲಿ.

ಪ್ರೀಮಿಯರ್‌ನವರು ಮೊದಲು ಕ್ರೈಸ್ಲರ್ ಕಾರುಗಳನ್ನು ಜೋಡಿಸಿದರು, 1950ರ ದಶಕದಲ್ಲಿ ಫಿಯಟ್ ಕೈಹಿಡಿದರು. 1964ರಲ್ಲಿ ಬಂದದ್ದು 1100 ಡಿಲೈಟ್. ಅದೇ ಮುಂದೆ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಗ್ರಿಲ್ಲು ಬದಲಾಯಿತು, ಹೆಸರು ಬದಲಾಯಿತು, ಕೆಳಗಿನ ಹೂರಣ ಹೆಚ್ಚೂಕಡಿಮೆ ಅದೇ. ಜನರಂತೂ ಕೊನೆವರೆಗೂ "ಫಿಯಟ್" ಅಂತಲೇ ಕರೆದರು.

ಇಲ್ಲಿ ಬ್ರೇಕಿನ ಇತಿಹಾಸಕ್ಕೆ ಸ್ವಲ್ಪ ಹೋಗಬೇಕು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತ ಗುಡ್ಡದ ಇಳಿಜಾರಿನಲ್ಲಿ ಕುದುರೆಗಾಡಿಯವರು ಮರದ ಬ್ರೇಕಿಗೆ ಹಳೇ ಬೂಟಿನ ತುಂಡು ಹೊಡೆದುಕೊಳ್ಳುವುದನ್ನು ನೋಡಿ 1897ರಲ್ಲಿ ಬ್ರೇಕ್ ಲೈನಿಂಗ್ ವ್ಯಾಪಾರ ಶುರು ಮಾಡಿದ ಅಂತ ಹೇಳುತ್ತಾರೆ. ಅದೇ ಫೆರೋಡೋ ಕಂಪನಿ. ಫ್ರೂಡ್ ಹೆಸರಿನ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್ ಹೆಸರಿನ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರಂತೆ :) 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕ್ ಮಾಡಿದ. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದುಕೊಂಡ. ಇಬ್ಬರೂ ಒಂದೇ ವಯಸ್ಸಿನ ಮಕ್ಕಳು, ಆದರೆ ಡಿಸ್ಕ್ ಐವತ್ತು ವರ್ಷ ಮೂಲೆಯಲ್ಲಿ ಕೂತಿತು. 1953ರಲ್ಲಿ (ನೋಡಿ, ಮತ್ತೆ ಅದೇ ಇಸವಿ) ಜಾಗ್ವಾರ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಲ ಮಾನ್ ರೇಸು ಗೆದ್ದ ಮೇಲೆ ಎಲ್ಲರ ಕಣ್ಣು ಅದರ ಕಡೆ ಹೊರಳಿತು. 1966ರಲ್ಲಿ ಇಟಲಿಯಲ್ಲಿ ಬಂದ ಫಿಯಟ್ 1100 ಆರ್ ಮಾದರಿಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬಂತು. ಮೂರೇ ವರ್ಷದಲ್ಲಿ ಆ ಕಾರಿನ ಕಥೆ ಅಲ್ಲಿ ಮುಗಿಯಿತು.

ಇಲ್ಲಿ? ನಮ್ಮ ಡಿಲೈಟು ಡ್ರಮ್ಮಿನಲ್ಲೇ ಉಳಿಯಿತು. ಪದ್ಮಿನಿಯಾದ ಮೇಲೂ ಡ್ರಮ್ಮೇ. ತಾಯಿ ಸತ್ತ ಮೇಲೆ ಮಗು ತಾಯಿ ಕಲಿಸಿದ್ದಷ್ಟನ್ನೇ ಮಾತಾಡಿಕೊಂಡು ಬೆಳೆದ ಹಾಗೆ.

ಇದನ್ನು ಬರೀ ಹಿಂದುಳಿದಿರುವಿಕೆ ಅಂತ ತಳ್ಳಿಹಾಕುವವರಿಗೆ ಒಂದು ಮಾತು. 1966ರಲ್ಲೇ ಬಂದ ಫಿಯಟ್ 124ಕ್ಕೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇತ್ತು. ಆ ಕಾರನ್ನು ಸೋವಿಯತ್ ಒಕ್ಕೂಟದವರು ಒಪ್ಪಂದ ಮಾಡಿಕೊಂಡು ವೋಲ್ಗಾ ದಂಡೆಯ ತೊಲ್ಯಾಟಿಯಲ್ಲಿ 1970ರಿಂದ ತಯಾರಿಸಿದಾಗ ಹಿಂದಿನ ಡಿಸ್ಕ್ ಕಿತ್ತು ಡ್ರಮ್ ಹಾಕಿದರು! ಅಲ್ಲಿನ ರಸ್ತೆಯ ಕೆಸರು, ಮರಳು ಡಿಸ್ಕನ್ನು ತಿಂದು ಹಾಕುತ್ತಿತ್ತು. ಮುಚ್ಚಿದ ಡ್ರಮ್ಮಿನೊಳಗೆ ಕೆಸರು ಅಷ್ಟು ಸುಲಭವಾಗಿ ಹೋಗುವುದಿಲ್ಲ. 1960ರ ದಶಕದ ನಮ್ಮ ರಸ್ತೆಗಳಿಗೂ ಈ ಮಾತು ಸಲ್ಲುತ್ತದೆ.

ಡ್ರಮ್ಮಿನ ದೊಡ್ಡ ಶತ್ರು ಕೆಸರಲ್ಲ, ಬಿಸಿ. ಇದು ನನಗೆ ಪುಸ್ತಕದ ವಿಷಯವಲ್ಲ. ನಾನು ಸರಿಮಾಡಿಸುತ್ತಿರುವುದು ನಮ್ಮ ಸೋದರಮಾವನ 1978ರ ಪದ್ಮಿನಿ. ಮಾವ ಈಗಿಲ್ಲ. ಅತ್ತೆಗೆ ಒಂದೇ ಆಸೆ, "ಒಂದ್ಸಲ ಅದೇ ಕಾರಲ್ಲಿ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಪ್ಪಾ" ಅಂತ. ಅಂದರೆ ಚಾರ್ಮಾಡಿ ಘಾಟಿ ಇಳಿಯಬೇಕು. ಕಾರು ಸುಮಾರು 900 ಕೆಜಿ, ಜನ ಮತ್ತು ಸಾಮಾನು ಸೇರಿ 1200 ಅಂದುಕೊಳ್ಳಿ. ಇಷ್ಟು ತೂಕ 500 ಮೀಟರ್ ಎತ್ತರದಿಂದ ಇಳಿದರೆ ಹೊರಬರುವ ಶಕ್ತಿಯಲ್ಲಿ ಹದಿನೆಂಟು ಲೀಟರ್ ತಣ್ಣೀರನ್ನು ಕುದಿಸಬಹುದು. ಹೆಚ್ಚೂಕಡಿಮೆ ಒಂದು ಸಣ್ಣ ಹಂಡೆ ನೀರು. ಎಂಜಿನ್ನಿನ ಹಿಡಿತ ಬಳಸದೆ ನ್ಯೂಟ್ರಲ್‌ನಲ್ಲಿ ಇಳಿದರೆ ಆ ಹಂಡೆ ಕಾಯುವುದು ನಾಲ್ಕು ಡ್ರಮ್ಮಿನೊಳಗೆ. ಡ್ರಮ್ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಶೂನಿಂದ ದೂರ ಸರಿಯುತ್ತದೆ, ಪೆಡಲು ಕೆಳಗೆ ಕೆಳಗೆ ಹೋಗುತ್ತದೆ. ಜೊತೆಗೆ ಲೈನಿಂಗ್ ಬಿಸಿಯಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಹಳಬರು ಘಾಟಿಯಲ್ಲಿ "ಸೆಕೆಂಡ್ ಗೇರಿಗೆ ಹಾಕು" ಅಂತ ಗದರುತ್ತಿದ್ದದ್ದು ಇದಕ್ಕೇ.

ಈಗ ಜೆ.ಸಿ. ರೋಡಿಗೆ ಬರೋಣ. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ರಸ್ತೆಯಲ್ಲಿ ಒಂದು ಕಡೆ ರವೀಂದ್ರ ಕಲಾಕ್ಷೇತ್ರ, ಇನ್ನುಳಿದಂತೆ ಕಾರಿನ ಸಾಮಾನಿನ ಅಂಗಡಿಗಳ ಸಾಲು. ನಾಟಕ ನೋಡಲು ಬಂದವರಿಗೆ ಅಂಗಡಿ ಕಾಣುವುದಿಲ್ಲ, ಬೇರಿಂಗ್ ಕೊಳ್ಳಲು ಬಂದವರಿಗೆ ಕಲಾಕ್ಷೇತ್ರ ಕಾಣುವುದಿಲ್ಲ. ನನ್ನಂಥ ಕೆಲವರಿಗೆ ಎರಡೂ ಬೇಕು. ಈ ಅಂಗಡಿಗಳಿಗೆ ಮಾಲು ಬಂದದ್ದು ಆ 1953ರ ತೀರ್ಮಾನದ ದೆಸೆಯಿಂದ. ಎಲ್ಲವನ್ನೂ ಇಲ್ಲೇ ಮಾಡಬೇಕು ಅಂದಾಗ ಕಾರ್ ಕಂಪನಿಗಳು ತಾವೇ ಎಲ್ಲ ಮಾಡಲಾರದೆ ಹೊರಗಿನವರಿಗೆ ಕೊಟ್ಟವು. 1961ರಲ್ಲಿ ಶಾಕ್ ಅಬ್ಸಾರ್ಬರ್‌ಗೆ ಗೇಬ್ರಿಯಲ್ ಇಂಡಿಯಾ ಹುಟ್ಟಿತು. 1962ರಲ್ಲಿ ಟಿವಿಎಸ್‌ನವರೂ ಇಂಗ್ಲೆಂಡಿನ ಲ್ಯೂಕಾಸ್‌ನವರೂ ಸೇರಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಮಾಡಿದರು. ಲೈನಿಂಗಿಗೆ ಅದೇ ಊರಿನಲ್ಲಿ 1964ರಲ್ಲಿ ರಾಣೆಯವರು, 1974ರಲ್ಲಿ ಸುಂದರಂನವರು ಬಂದರು. ಇವರ ಹಿಂದೆ ಸಣ್ಣ ಸಣ್ಣ ಶೆಡ್ಡುಗಳ ದೊಡ್ಡ ದಂಡು. ಅಂಥ ಶೆಡ್ಡುಗಳಿಗೆ ಲೇತ್ ಬೇಕು. ಅದಕ್ಕೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಇತ್ತು, ಬೆಂಗಳೂರಿನಲ್ಲಿ 1953ರಲ್ಲಿ (ಮತ್ತದೇ!) ಎಚ್‌ಎಂಟಿ ಬಂತು. ಗಡಿಯಾರಕ್ಕೆ ಮೊದಲು ಎಚ್‌ಎಂಟಿ ಅಂದರೆ ಲೇತ್ ಅನ್ನುವುದು ಈಗಿನ ಹುಡುಗರಿಗೆ ಗೊತ್ತಿಲ್ಲ. ಹರಿಹರದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲಿಯ ಲೇತುಗಳು ಎಷ್ಟೋ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ.

ಹಾಗಾಗಿ ಈಗ ಪದ್ಮಿನಿಗೆ ಸಿಗುವ ಮಾಲಿನಲ್ಲಿ ಮೂರು ಕಾಲದ್ದಿದೆ. ಕಾರು ತಯಾರಾಗುತ್ತಿದ್ದಾಗಲೇ ಮಾಡಿ ಡಬ್ಬಿಯಲ್ಲಿ ಉಳಿದದ್ದು; ಮುಂಬಯಿಯ ಟ್ಯಾಕ್ಸಿಗಳಿಗಾಗಿ ಆಮೇಲೂ ಮಾಡುತ್ತಾ ಬಂದದ್ದು; ಈಗ ಯಾರೋ ಹಳೆಯದನ್ನು ಅಳೆದು ನೋಡಿ ಲೋಕಲ್ ಆಗಿ ಮಾಡಿದ್ದು.

ಹಳೇ ಸ್ಟಾಕ್ ಅಂದ ಕೂಡಲೇ ನಮ್ಮಂಥವರಿಗೆ ಬಾಯಲ್ಲಿ ನೀರು. ಮಾಸಿದ ರಟ್ಟಿನ ಡಬ್ಬಿ, ಗ್ರೀಸು ಸವರಿದ ಎಣ್ಣೆ ಕಾಗದ, ಒಳಗೆ ಹೊಳೆಯುವ ಕಿಂಗ್ ಪಿನ್ನು! ಕಬ್ಬಿಣದ ಸಾಮಾನಾದರೆ ಕಣ್ಣುಮುಚ್ಚಿ ಕೊಳ್ಳಿ, ತುಕ್ಕಿಲ್ಲದಿದ್ದರೆ ಸಾಕು. ರಬ್ಬರಾದರೆ ಮುಟ್ಟಬೇಡಿ. ಮೂವತ್ತು ವರ್ಷದ ಬ್ರೇಕ್ ಹೋಸು ಡಬ್ಬಿಯೊಳಗೇ ಮುದಿಯಾಗಿರುತ್ತದೆ. ಹೋಸಿನ ಕಾಯಿಲೆ ಹೊರಗೆ ಕಾಣುವುದಿಲ್ಲ. ಒಳಗಡೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಪೆಡಲು ಒತ್ತಿದಾಗ ಎಣ್ಣೆ ನುಗ್ಗಿ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಆ ಚಕ್ರ ಹಿಡಿದುಕೊಂಡೇ ಇರುತ್ತದೆ, ಕಾರು ಒಂದು ಕಡೆ ಎಳೆಯುತ್ತದೆ. ಜನ ಶೂ ಬದಲಾಯಿಸುತ್ತಾರೆ, ಸಿಲಿಂಡರ್ ಬದಲಾಯಿಸುತ್ತಾರೆ, ಹೋಸು ಮಾತ್ರ ಹಾಗೇ ಇರುತ್ತದೆ.

ರಬ್ಬರಿನ ಜೊತೆ ಬ್ರೇಕ್ ಆಯಿಲ್ ವಿಷಯವೂ ಇದೆ. ಮೊದಲು ಹರಳೆಣ್ಣೆ ಮತ್ತು ಆಲ್ಕೋಹಾಲ್ ಬೆರೆಸಿದ ದ್ರವ ಬಳಸುತ್ತಿದ್ದರು, ಆಗಿನ ಸಹಜ ರಬ್ಬರಿಗೆ ಅದು ಒಗ್ಗುತ್ತಿತ್ತು. ಈಗಿನ ಡಾಟ್ 3, ಡಾಟ್ 4 ಬೇರೆ ಜಾತಿ. ಅವು ಗಾಳಿಯಿಂದ ನೀರು ಹೀರುತ್ತವೆ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ, ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ 230 ಮತ್ತು 155. ಘಾಟಿಯಲ್ಲಿ ಎಣ್ಣೆ ಕುದ್ದರೆ ಪೈಪಿನಲ್ಲಿ ಗುಳ್ಳೆ, ಗುಳ್ಳೆ ಬಂದರೆ ಪೆಡಲು ಹತ್ತಿಯ ಹಾಗೆ. ಆದ್ದರಿಂದ ವಾಷರ್ ಕಿಟ್ಟುಗಳನ್ನೆಲ್ಲ ಹೊಸದು ಹಾಕಿಸಿ, ಪೈಪು ಪೂರ್ತಿ ತೊಳೆಸಿ, ಡಾಟ್ 4 ತುಂಬಿಸಿದೆ. ಇನ್ನೊಂದು, ಕೆಲವು ಗ್ಯಾರೇಜುಗಳಲ್ಲಿ ವಾಷರನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆಯುತ್ತಾರೆ. ಎದುರಿಗೇ ನಿಂತು ತಡೆಯಿರಿ. ಅದು ತಾಗಿದ ವಾಷರು ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು.

ವೀಲ್ ಸಿಲಿಂಡರಿನ ಮಾತು. ಒಂದು ಅಂಗಡಿಯಲ್ಲಿ (ಹೆಸರು ಬೇಡ) ದೊಡ್ಡ ಕಂಪನಿಯ ಡಬ್ಬಿಯಲ್ಲಿ ಕೊಟ್ಟರು. ಡಬ್ಬಿಯ ಮೇಲೆ ಕಂಪನಿಯ ಹೆಸರಿನಲ್ಲೇ ಒಂದು ಅಕ್ಷರ ನಾಪತ್ತೆ! ಒಳಗೆ ಬೆರಳಾಡಿಸಿದರೆ ಮರಳುಕಾಗದದ ಹಾಗೆ. ಹಿಂದಿರುಗಿಸಿ ಬಂದೆ. ನಮ್ಮ ಮೆಕ್ಯಾನಿಕ್ ಭಾಯಿ ಅದನ್ನು ಕೇಳಿ, "ಸಾರ್, ಬಾಗಿಲ ಹ್ಯಾಂಡಲ್ ಡ್ಯೂಪ್ಲಿಕೇಟ್ ಹಾಕಿ, ಲೈಟ್ ಡ್ಯೂಪ್ಲಿಕೇಟ್ ಹಾಕಿ, ನಾನು ಬೇಡ ಅನ್ನಲ್ಲ. ಇದಕ್ಕೆ ನಿಮ್ಮ ಹಳೇದನ್ನೇ ಸ್ಲೀವ್ ಹೊಡೆಸಿ" ಅಂದರು. ಅಂದರೆ ಸವೆದ ಸಿಲಿಂಡರನ್ನು ಕೊರೆದು ಒಳಗೆ ಸ್ಟೀಲಿನ ತೆಳು ಕೊಳವೆ ಕೂರಿಸಿ ಮೂಲ ಅಳತೆಗೆ ತರುವುದು. ಖರ್ಚು ಹೊಸದಕ್ಕಿಂತ ಜಾಸ್ತಿ ಆಯಿತು. ಆದರೆ ಎರಕ ಕುರ್ಲಾದ್ದು, ಅಳತೆ ಸರಿಯಾಗಿದೆ, ಇನ್ನು ತುಕ್ಕು ಹಿಡಿಯುವುದಿಲ್ಲ.

ಡ್ರಮ್ ಲೇತಿಗೆ ಕೊಡುವಾಗ ನೆನಪಿಡಬೇಕಾದ್ದು ಇಷ್ಟೆ: ಪ್ರತಿ ಸಲ ಕೊರೆದಾಗಲೂ ಡ್ರಮ್ ತೆಳುವಾಗುತ್ತದೆ, ತೆಳುವಾದ ಡ್ರಮ್ ಬೇಗ ಕಾಯುತ್ತದೆ. ನಲವತ್ತು ವರ್ಷದಲ್ಲಿ ಎಷ್ಟು ಸಲ ಕೊರೆದಿದ್ದಾರೋ ಯಾರಿಗೆ ಗೊತ್ತು, ಅಳೆದು ನೋಡಿಯೇ ಕೊಡಬೇಕು. ಎಡಬಲ ಜೋಡಿ ಒಂದೇ ಅಳತೆಗೆ ಬರಬೇಕು. ಶೂವಿನ ಬಾಗು ಡ್ರಮ್ಮಿನ ಬಾಗಿಗೆ ಕೂರುವಂತೆ ಉಜ್ಜಿಸಬೇಕು, ಇಲ್ಲದಿದ್ದರೆ ತುದಿ ಮಾತ್ರ ತಾಗುತ್ತದೆ. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಬಿಚ್ಚಿದಾಗ ಬರುವ ಆ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸುವುದು ನಮ್ಮಲ್ಲಿ ಮಾಮೂಲು. ಅದು ಶ್ವಾಸಕೋಶಕ್ಕೆ ವಿಷ, ಕಾಯಿಲೆ ಕಾಣಿಸಿಕೊಳ್ಳುವುದು ದಶಕಗಳ ನಂತರ. ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಭಾಯಿಗೆ ಹೇಳಿದರೆ ಮೊದಲು ನಕ್ಕರು, ಆಮೇಲೆ ಒರೆಸಿದರು. ಹಳೇ ಡಬ್ಬಿಯ ಲೈನಿಂಗನ್ನು ನಾನು ಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಡಿಸ್ಕ್ ಹಾಕಿಸಬಾರದೇ ಅಂತ ಕೇಳಿದವರು ಬಹಳ. ಬೇರೆ ಕಾರಿನ ಡಿಸ್ಕ್ ತಂದು ಕೂರಿಸಿಕೊಂಡವರಿದ್ದಾರೆ. ನನಗೆ ಮನಸ್ಸು ಬರಲಿಲ್ಲ. ಮುಂದಿನ ಬ್ರೇಕ್ ಬದಲಾದರೆ ಹಿಂದಿನದಕ್ಕೂ ಅದಕ್ಕೂ ಇರುವ ಸಮತೋಲ, ಮಾಸ್ಟರ್ ಸಿಲಿಂಡರಿನ ಅಳತೆ ಎಲ್ಲ ಲೆಕ್ಕ ಹಾಕಬೇಕು. ಲೆಕ್ಕ ಹಾಕದೆ ಬೆಸುಗೆ ಹಾಕುವವರೇ ಹೆಚ್ಚು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಯಾರಕರ ವಿವರಗಳಿಂದ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. ಆದರೆ ಒಂದು ವಿಷಯದಲ್ಲಿ ಹಳೆಯದರ ಮೇಲಿನ ಪ್ರೀತಿ ನನ್ನನ್ನು ಹೆದರಿಸುತ್ತದೆ. ಆ ಕಾಲದ ಬಹುತೇಕ ಕಾರುಗಳ ಹಾಗೆ ಇದಕ್ಕೂ ಬ್ರೇಕಿನ ದಾರಿ ಒಂದೇ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಎರಡು ದಾರಿಯ ಮಾಸ್ಟರ್ ಸಿಲಿಂಡರ್ ಅಮೆರಿಕದಲ್ಲಿ 1960ರ ದಶಕದ ಕೊನೆಗೇ ಕಡ್ಡಾಯವಾಗಿತ್ತು. ಅದಕ್ಕೇ ಕಬ್ಬಿಣದ ಪೈಪುಗಳನ್ನೂ ಒಂದೂ ಬಿಡದೆ ಬದಲಾಯಿಸಿದೆ.

ಸಸ್ಪೆನ್ಷನ್ ಕಥೆ ಇಷ್ಟು ಭಯದ್ದಲ್ಲ. ಮುಂದಿನ ಚಕ್ರ ಜಾಕ್ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್ನು. ನಮ್ಮದು ನಿಲ್ಲಲಿಲ್ಲ. ಪಿನ್ನು ಹಳೇ ಸ್ಟಾಕಿನಲ್ಲಿ ಸಿಕ್ಕಿತು, ಬುಷ್ ಒತ್ತಿಸಿದ ಮೇಲೆ ಪಿನ್ನಿನ ಅಳತೆಗೆ ರೀಮರ್ ಹೊಡೆಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತೇನೆ ಅನ್ನುವವರ ಹತ್ತಿರ ಬೇಡ. ಕಾಯಿಲ್ ಸ್ಪ್ರಿಂಗನ್ನಾಗಲಿ ಶಾಕ್ ಅಬ್ಸಾರ್ಬರನ್ನಾಗಲಿ ಜೋಡಿಯಾಗಿಯೇ ಬದಲಾಯಿಸಬೇಕು. ಹಿಂದಿನ ಲೀಫ್ ಸ್ಪ್ರಿಂಗಿಗೆ ಯಾರೋ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ದರು, ಟ್ಯಾಕ್ಸಿಯವರು ಹೊರೆಗೆಂದು ಮಾಡುವ ಹಾಗೆ. ತೆಗೆಸಿದೆ, ಕಾರು ಬಾಲ ಎತ್ತಿಕೊಂಡು ನಿಲ್ಲುವುದು ತಪ್ಪಿತು. ಪಟ್ಟಿಯ ಕಣ್ಣಿನೊಳಗಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕು. ಗಾಳಿಯಲ್ಲಿ ತೂಗುತ್ತಿದ್ದಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅಂಬಾಸಿಡರ್ ಇಟ್ಟುಕೊಂಡ ಗೆಳೆಯರಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯ. ಅದರ ಮುಂದಿನ ಚಕ್ರಕ್ಕೆ ಕಾಯಿಲ್ ಇಲ್ಲ, ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್. ಬಿಚ್ಚಿದಾಗ ಎಡದ್ದು ಬಲದ್ದು ಗುರುತು ಹಾಕಿಡಿ. ವರ್ಷಗಟ್ಟಲೆ ಒಂದೇ ಕಡೆ ತಿರುಚಿಕೊಂಡ ಸರಳನ್ನು ಅದಲುಬದಲು ಮಾಡಿದರೆ ಮುರಿಯಬಹುದು. ಆ ಕಾರು 2014ರವರೆಗೂ ತಯಾರಾಯಿತು, ನಿಮಗೆ ಸಾಮಾನಿನ ಬರವಿಲ್ಲ, ಪುಣ್ಯವಂತರು!

ಪದ್ಮಿನಿಯವರಿಗೆ ಬರ ಶುರುವಾಗಿದೆ. ಇಷ್ಟು ದಿನ ನಮ್ಮನ್ನು ಸಾಕಿದ್ದು ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳು. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ಹೋಯಿತು. ದಿನಾ ಓಡುವ ಗಾಡಿಗೆ ವರ್ಷಕ್ಕೊಮ್ಮೆಯಾದರೂ ಶೂ ಬೇಕು, ನಮ್ಮಂಥವರ ಗಾಡಿಗೆ ಹತ್ತು ವರ್ಷಕ್ಕೊಮ್ಮೆ. ಯಾವ ಶೆಡ್ಡಿನವನು ನಮಗಾಗಿ ಅಚ್ಚು ಇಟ್ಟುಕೊಂಡಾನು? ಜೆ.ಸಿ. ರೋಡಿನ ಅಂಗಡಿಯ ಹಿರಿಯರೊಬ್ಬರು ಅಟ್ಟದಿಂದ ಶೂ ತೆಗೆದುಕೊಡುತ್ತಾ, "ಇನ್ನು ಎರಡು ಸೆಟ್ಟಿದೆ ಸಾರ್, ಆಮೇಲೆ ಆರ್ಡರ್ ಹಾಕಲ್ಲ" ಅಂದರು. ನಾನು ಎರಡನ್ನೂ ತೆಗೆದುಕೊಳ್ಳಲಿಲ್ಲ, ಒಂದನ್ನು ಬಿಟ್ಟು ಬಂದೆ. ಇನ್ಯಾರ ಅತ್ತೆ ಎಲ್ಲಿಗೆ ಹೋಗಬೇಕೆಂದು ಕಾಯುತ್ತಿದ್ದಾರೋ.

ಈಗ ಬಾಕಿ ಇರುವುದು ಹ್ಯಾಂಡ್ ಬ್ರೇಕ್ ಕೇಬಲ್ ಒಂದೇ. ಹಳೆಯದು ಹೊರಕವಚದೊಳಗೇ ತುಕ್ಕು ಹಿಡಿದು ಕೂತಿದೆ. ಬೆಂಗಳೂರಿನಲ್ಲಿ ಸಿಕ್ಕ ಎರಡೂ ಉದ್ದದಲ್ಲಿ ಒಂದು ಗೇಣು ಗಿಡ್ಡ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಅಳತೆ ಕೊಟ್ಟರೆ ಮಾಡಿಕೊಡುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಳೆ ಹಿಡಿಯುವುದರೊಳಗೆ ಘಾಟಿ ಇಳಿಯಬೇಕು.